ಅಗ್ನಿಶಾಮಕ ವಾಹನ ಬರುವುದಕ್ಕೆ ಮುನ್ನ

ಶಿವರಾತ್ರಿ ಸಮೀಪಿಸುತ್ತಿದ್ದಂತೆ ಮಲೆನಾಡಿನ ಬಣ್ಣ ಬದಲಾಗುತ್ತದೆ. ಆಗುಂಬೆ, ಹುಲಿಕಲ್ಲುಗಳಂತಹ ಮಳೆಯ ತವರೂರುಗಳ ನೆರೆಯಲ್ಲೇ ನಾವು ವಾಸಿಸುತ್ತಿದ್ದರೂ, ಫಾಲ್ಗುಣದ ಹೊತ್ತಿಗೆ ಸೊಪ್ಪಿನ ಬೆಟ್ಟದ ದರಕು ಕಾಲಿಟ್ಟರೆ ಪುಡಿಯಾಗುವಷ್ಟು ಒಣಗಿರುತ್ತದೆ. ಅಂಗಳದ ಅಂಚಿನಲ್ಲಿ ಹುಲ್ಲಿನ ಬಣವೆ, ಹಿತ್ತಿಲಿನಲ್ಲಿ ಅಡಿಕೆ ಸಿಪ್ಪೆಯ ರಾಶಿ, ಅಟ್ಟದ ಮೇಲೆ ವರ್ಷದ ದುಡಿಮೆಯ ಅಡಿಕೆ ಮೂಟೆ, ಬಚ್ಚಲಿನಲ್ಲಿ ಸದಾ ಕೆಂಡವಿರುವ ಹಂಡೆಯೊಲೆ. ಇವೆಲ್ಲವೂ ಒಂದೇ ಸೂರಿನಡಿ, ಒಂದೇ ಗಾಳಿಯ ಹಾದಿಯಲ್ಲಿ ಇರುತ್ತವೆ. ವರ್ಷದ ಐದಾರು ತಿಂಗಳು ನೀರನ್ನೇ ನೋಡುವ ನಮಗೆ ಬೆಂಕಿಯ ವಿಷಯದಲ್ಲಿ ಅಷ್ಟಾಗಿ ಎಚ್ಚರವಿಲ್ಲ.

ಆರೋಗ್ಯದ ಅಂಕಣದಲ್ಲಿ ಬೆಂಕಿಯ ಮಾತೇಕೆ ಎಂದು ಸದ್ಭಕ್ತರು ಕೇಳಬಹುದು. ಸುಟ್ಟ ಗಾಯವು ಔಷಧಿಗಿಂತ ಮೊದಲು ಹೊತ್ತನ್ನು ಬೇಡುವ ರೋಗ. ಆ ಹೊತ್ತು ನಮ್ಮ ಭಾಗದಲ್ಲಿ ಯಾರ ಕೈಯಲ್ಲಿದೆ ಎಂಬುದೇ ಈ ಬರಹದ ವಿಷಯ.

15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸಬಾರದೆಂಬ ಕೇಂದ್ರದ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹೊಗೆಯುಗುಳುವ ಹಳೆಯ ವಾಹನಗಳನ್ನು ರಸ್ತೆಯಿಂದ ತೆಗೆಯುವ ಉದ್ದೇಶ ಒಳ್ಳೆಯದೇ. ಆದರೆ ರಾಜ್ಯದ ಹಲವು ಅಗ್ನಿಶಾಮಕ ಠಾಣೆಗಳ ವಾಹನಗಳೂ ಆ ನಿಯಮದಡಿ ಬಂದವು. ಹೊಸತು ಬರುವುದಕ್ಕೆ ಮುನ್ನವೇ ಹಳೆಯದು ಮೂಲೆ ಸೇರಿದ ಉದಾಹರಣೆಗಳಿವೆ. ಸಿಬ್ಬಂದಿಯಿದ್ದು ಬಂಡಿಯಿಲ್ಲದ ಠಾಣೆ, ವೈದ್ಯನಿದ್ದು ಔಷಧಿಯಿಲ್ಲದ ಆಸ್ಪತ್ರೆಯಂತೆ. ಬದಲಿ ವಾಹನ ಬಂದು ನಿಲ್ಲುವವರೆಗೆ ಇದ್ದುದನ್ನು ಹಿಂತೆಗೆಯಬಾರದೆಂದು ನಮ್ಮ ಜನಪ್ರತಿನಿಧಿಗಳನ್ನು ಒತ್ತಾಯಿಸುವುದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪ್ರತಿಯೊಬ್ಬ ಪ್ರಜೆಯ ಹಕ್ಕು.

ಆದರೆ ವಾಹನ ಸಜ್ಜಾಗಿದ್ದರೂ ಮಲೆನಾಡಿನ ದಾರಿ ಚಿಕ್ಕದಾಗುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚನ್ನೇ ನೆಚ್ಚಿಕೊಂಡಿದ್ದರು. ಇಂದಿಗೂ ಎಷ್ಟೋ ಒಂಟಿಮನೆಗಳಿಗೆ ಕೊನೆಯ ಒಂದೆರಡು ಮೈಲಿ ಕೇವಲ ಜೀಪು ಹೋಗುವ ಮಣ್ಣಿನ ಹಾದಿ. ದೂರವಾಣಿಗೆ ಸಂಕೇತ ಸಿಗಬೇಕಾದರೆ ಗುಡ್ಡ ಹತ್ತಬೇಕಾದ ಊರುಗಳಿವೆ. ಗಂಭೀರವಾಗಿ ಸುಟ್ಟವರನ್ನು ಒಯ್ಯಬೇಕಾದ ಶಿವಮೊಗ್ಗವು ಈ ಮೂರೂ ಪಟ್ಟಣಗಳಿಂದ ಸುಮಾರು 60ರಿಂದ 75 ಕಿ.ಮೀ. ದೂರದಲ್ಲಿದೆ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮಲೆನಾಡಿನಲ್ಲಿ ಬೆಂಕಿಯ ಮೊದಲ ಅರ್ಧ ಗಂಟೆ ಮನೆಯವರದ್ದು ಮತ್ತು ನೆರೆಯವರದ್ದು. ಅದಕ್ಕೆ ನಾವು ಸಿದ್ಧರಾಗಿರಬೇಕು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ನಾವೂ ‘ಸುಟ್ಟ ಕೂಡಲೇ ತುಪ್ಪ ಹಚ್ಚಿ’ ಎಂದು ಹೇಳಿದವರೇ. ಒಮ್ಮೆ ಅಡಿಕೆ ಬೇಯಿಸುವಾಗ ಕುದಿಯುವ ಚೊಗರು ಎರಡೂ ಕಾಲಿನ ಮೇಲೆ ಚೆಲ್ಲಿದ ಒಬ್ಬ ತಾಯಿಯನ್ನು ನಮ್ಮಲ್ಲಿಗೆ ಕರೆತಂದರು. ಮನೆಯವರು ಮೊದಲು ಹಲ್ಲುಜ್ಜುವ ಪೇಸ್ಟು, ಅದರ ಮೇಲೆ ಅರಿಶಿನ ಬೆರೆಸಿದ ತುಪ್ಪ ಬಳಿದಿದ್ದರು. ಬಾವಿ ಹತ್ತು ಹೆಜ್ಜೆ ದೂರದಲ್ಲಿತ್ತಂತೆ. ಒಂದು ಕೊಡ ನೀರನ್ನೂ ಯಾರೂ ಸುರಿದಿರಲಿಲ್ಲ. ಗಾಯ ನೋಡಲು ನಾವು ಆ ಲೇಪವನ್ನು ಕೆರೆದು ತೆಗೆಯಬೇಕಾಯಿತು. ಆಗ ಆ ತಾಯಿ ಪಟ್ಟ ನೋವು ನಮಗೆ ಇಂದಿಗೂ ಮರೆತಿಲ್ಲ. ತುಪ್ಪ ಹಚ್ಚುವುದನ್ನು ಅವರಿಗೆ ಕಲಿಸಿದವರು ನಮ್ಮಂತಹವರೇ ಅಲ್ಲವೇ?

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು ಸುಟ್ಟ ಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಹೊಗೆ ಕುಡಿದವನ ಲಕ್ಷಣವನ್ನೂ ಬೇರೆಯಾಗಿ ಹೇಳುತ್ತದೆ. ಅಂದಿನ ಕಾಲಕ್ಕೆ ಅದು ಸೋಜಿಗದ ಸೂಕ್ಷ್ಮದೃಷ್ಟಿ. ಆದರೆ ಅದೇ ಅಧ್ಯಾಯದಲ್ಲಿ ಪ್ಲುಷ್ಟಕ್ಕೆ ತಣ್ಣೀರು ಹಿತವಲ್ಲ, ಕಾವು ಕೊಡಬೇಕೆಂಬ ಮಾತೂ ಇದೆ. ಈ ಒಂದು ವಿಷಯದಲ್ಲಿ ಇಂದಿನ ಅನುಭವ ಬೇರೆಯಾಗಿದೆ. ಜ್ವಾಲೆ ಆರಿದ ಮೇಲೂ ಚರ್ಮದೊಳಗೆ ಉಳಿದ ಬಿಸಿ ಕೆಳಪದರಗಳನ್ನು ಬೇಯಿಸುತ್ತಲೇ ಇರುತ್ತದೆ. ತುಪ್ಪ, ಎಣ್ಣೆಗಳು ಆ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ಗಾಯ ಮಾಗುವ ಹಂತದಲ್ಲಿ ನಮ್ಮ ಘೃತಗಳಿಗೆ ಸ್ಥಾನವಿದೆ, ಅದೂ ವೈದ್ಯನ ಕಣ್ಣೆದುರಿನಲ್ಲಿ. ಮೊದಲ ಹೊತ್ತಿಗೆ ನೀರೇ ಔಷಧಿ. ಶಾಸ್ತ್ರವನ್ನು ಗೌರವಿಸುವವರು ಇದನ್ನು ಹೇಳಲು ಅಂಜಬೇಕಾಗಿಲ್ಲ.

ಕ್ರಮ ಹೀಗಿರಲಿ. ಸುಟ್ಟ ಭಾಗದ ಮೇಲೆ ಹರಿಯುವ ತಂಪು ನೀರನ್ನು ಪೂರಾ 20 ನಿಮಿಷ ಬಿಡಬೇಕು. ಗಡಿಯಾರ ನೋಡಿಯೇ ಎಣಿಸಿರಿ. ತಡವಾಗಿದ್ದರೂ ಮೂರು ಗಂಟೆಯೊಳಗೆ ಇದರಿಂದ ಪ್ರಯೋಜನವುಂಟು. ಮಂಜುಗಡ್ಡೆ ಬೇಡ. ಬಳೆ, ಉಂಗುರ, ಕಾಲುಂಗುರಗಳನ್ನು ಊತ ಬರುವ ಮುನ್ನ ತೆಗೆಯಿರಿ, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಮಕ್ಕಳಾದರೆ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿರಿ. ಬಳಿಕ ಒಗೆದ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿರಿ. ರೋಗಿಯ ಬೆರಳು ಸಹಿತ ಅಂಗೈಯು ಅವರ ಮೈಯ ಸುಮಾರು ನೂರರಲ್ಲೊಂದು ಪಾಲು. ಗಾಯ ಅದಕ್ಕಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು, ಗುಹ್ಯಭಾಗದಲ್ಲಿದ್ದರೆ, ವಿದ್ಯುತ್ತಿನಿಂದ ಆದುದಾದರೆ, ಹೊಗೆ ಕುಡಿದಿದ್ದರೆ ಮನೆಮದ್ದು ಸಲ್ಲದು. ಹೊಗೆ ಕುಡಿದವರ ಮೈಮೇಲೆ ಒಂದು ಗುಳ್ಳೆಯೂ ಇಲ್ಲದಿರಬಹುದು. ಆದರೂ ಒಳಗಿನ ವಿಷಾನಿಲ ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನು ಆಕ್ರಮಿಸಿರುತ್ತದೆ.

ಆಲೆಮನೆಯ ಕೊಪ್ಪರಿಗೆ, ಅಡಿಕೆಯ ಹಂಡೆ, ಜಾತ್ರೆ ಮತ್ತು ದಾಸೋಹದ ಅಡುಗೆಮನೆ ಇವುಗಳ ಸುತ್ತ ಮಕ್ಕಳು ಸುಳಿಯದಂತೆ ಹಗ್ಗವನ್ನಾದರೂ ಕಟ್ಟಿರಿ. ಮೈಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನೆಲಕ್ಕೆ ಮಲಗಿ ಹೊರಳಬೇಕು, ಹತ್ತಿರವಿದ್ದವರು ಉಣ್ಣೆಯ ಕಂಬಳಿ ಹೊದಿಸಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಎರಚದೆ ಒಲೆ ಆರಿಸಿ ಮುಚ್ಚಳ ಮುಚ್ಚಿರಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ ಬಾಗಿಲು ತೆರೆಯಿರಿ; ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ತಂಗಿರುತ್ತದೆ. ವಿದ್ಯುತ್ತಿನ ಬೆಂಕಿಗೆ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ನೀರಿನ ಮಾತು ಆಮೇಲೆ.

ನಂದಿಸುವ ಸಾಧನ ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಮತ್ತು ಅದರ ಉದ್ದನೆಯ ಪೈಪು ಬಹುಪಾಲು ತೋಟಿಗರ ಮನೆಯಲ್ಲಿವೆ. ಮಳೆಗಾಲ ಮುಗಿದ ಮೇಲೆ ಅವು ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತವೆ. ಜನವರಿಯಿಂದ ಮೇವರೆಗೆ ಅದನ್ನು ತೊಳೆದು, ಇಂಧನ ತುಂಬಿ, ಪಕ್ಕದಲ್ಲಿ 200 ಲೀಟರಿನ ಡ್ರಮ್ಮಿನಲ್ಲಿ ನೀರಿಟ್ಟರೆ ಸಣ್ಣ ಬೆಂಕಿಗೆ ಅದು ಸಾಲುತ್ತದೆ. ಬೆಂಕಿ ಬಿದ್ದಾಗ ವಿದ್ಯುತ್ ತೆಗೆಯಬೇಕಾಗುವುದರಿಂದ ಬಾವಿಯ ಮೋಟಾರನ್ನು ನಂಬುವಂತಿಲ್ಲ. ಎಂಜಿನ್ನಿನ ಪಂಪು ಆಗಲೂ ನಡೆಯುತ್ತದೆ. ಆದರೆ ಸೂರು ಹತ್ತಿಕೊಂಡಿತೆಂದರೆ ಅಡಿಕೆ ಮೂಟೆಗಾಗಿ ಒಳನುಗ್ಗಬಾರದು. ಜನ ಹೊರಗೆ ಬಂದು, ದನಗಳ ಹಗ್ಗ ಬಿಚ್ಚಿದರೆ ಸಾಕು.

ಈ ಬೇಸಿಗೆಗೆ ಮುನ್ನ ಬಣವೆಯನ್ನು ಮನೆಯಿಂದಲೂ ವಿದ್ಯುತ್ ತಂತಿಯಿಂದಲೂ ದೂರಕ್ಕೆ ಸರಿಸಿರಿ. ಮನೆಯ ಸುತ್ತಲಿನ ದರಕು ಗುಡಿಸಿರಿ. ಕೇರಿಯವರೆಲ್ಲ ಒಂದು ಸಂಜೆ ಕುಳಿತು, ಯಾರ ಮನೆಯಲ್ಲಿ ಪಂಪಿದೆ, ಯಾರ ಬಳಿ ಜೀಪಿದೆ, ಎಲ್ಲಿಂದ ಕರೆ ಹೋಗುತ್ತದೆ ಎಂದು ತಿಳಿದುಕೊಳ್ಳಿರಿ. 112, 101, 108 ಈ ಮೂರು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಮಕ್ಕಳಿಗೂ ಕಾಣುವಂತೆ ಬರೆಯಿರಿ. ನೆರವು ಬಾರದೆಂದು ಸುಮ್ಮನಿರಬಾರದು. ಮೊದಲ ಕ್ಷಣದಲ್ಲೇ ಕರೆ ಮಾಡಿ, ಬಳಿಕ ಕೈಲಾದುದನ್ನು ಮಾಡಬೇಕು.

ಮನೆಯ ಹಿರಿಯರು ಈ ತಿಂಗಳು ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು, ಸುಟ್ಟಾಗ ತುಪ್ಪವಲ್ಲ, ನೀರು ಎಂಬ ಒಂದು ಮಾತನ್ನಾದರೂ ಹೇಳಿಕೊಡಬೇಕೆಂದು ಸದ್ಭಕ್ತರಲ್ಲಿ ನಮ್ಮ ಅರಿಕೆ.