ಸೆವಿಲ್ಲೆ ಮದುವೆಗೆ ಬರೋರಿಗೆ, ಭಾಗ 4: ಗ್ರಾನಡಾ ಆಮೇಲೆ, ಮೊದಲು ಮಧ್ಯಾಹ್ನ ನಿದ್ದೆ ಮಾಡಿ

ಮೂರು ನೈಟ್ ಡ್ಯೂಟಿ ಮುಗಿಸಿ, ನಿದ್ದೆ ಮಾಡಿ ಎದ್ದು, ಕಾಫಿ ಹಿಡ್ಕೊಂಡು ಕೂತಿದೀನಿ. ವೀಸಾ, ಟಿಕೆಟ್, ಬಟ್ಟೆ ಬಗ್ಗೆ ಹಿಂದಿನ ಮೂರು ಭಾಗದಲ್ಲಿ ಬರೆದಾಯ್ತು. ಇವತ್ತು ಸುತ್ತಾಟ ಮತ್ತು ಊಟ. ಆದ್ರೆ ಅದಕ್ಕೂ ಮುಂಚೆ ಒಂದು ಸಣ್ಣ ಜಗಳ ಆಡೋದಿದೆ.

ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಪಟ್ಟಿ ಓಡಾಡ್ತಿದೆ. ಬುಧವಾರ ಸೆವಿಲ್ಲೆಗೆ ಇಳಿಯೋದು, ಗುರುವಾರ ಗ್ರಾನಡಾ, ಶುಕ್ರವಾರ ಕಾರ್ಡೊಬಾ, ಶನಿವಾರ ಸಂಜೆ ಮದುವೆ, ಭಾನುವಾರ ಬೆಳಗ್ಗೆ ಬಾರ್ಸಿಲೋನಾ. ಎಲ್ರೂ ಹೆಬ್ಬೆರಳು ಎತ್ತಿದೀರಿ. ನಾನು ಮಾತ್ರ ಎತ್ತಲಿಲ್ಲ. ಯಾಕೆ ಅಂತ ಹೇಳ್ತೀನಿ, ಬೇಜಾರಾಗಬೇಡಿ.

ಸೆವಿಲ್ಲೆಯಿಂದ ಗ್ರಾನಡಾ ಸುಮಾರು 250 ಕಿಲೋಮೀಟರ್. ಹೋಗಿ ಬರೋಕೇ ಐದಾರು ಗಂಟೆ ರಸ್ತೇಲಿ. ಅಲ್ಲಿ ಅಲ್ಹಂಬ್ರಾ ಅನ್ನೋದು ಗುಡ್ಡದ ಮೇಲಿನ ದೊಡ್ಡ ಕೋಟೆ, ಅರಮನೆ, ತೋಟ. ಅರ್ಧ ದಿನ ಪೂರ್ತಿ ನಡಿಗೆ. ಇದೆಲ್ಲ ಜೂನ್ ತಿಂಗಳಲ್ಲಿ. ಸೆವಿಲ್ಲೆ ಯೂರೋಪಿನ ಅತಿ ಸೆಕೆಯ ಊರುಗಳಲ್ಲಿ ಒಂದು. ಬೇಸಿಗೇಲಿ 40 ಡಿಗ್ರಿ ದಾಟೋದು ಅಲ್ಲಿ ಸುದ್ದಿನೇ ಅಲ್ಲ. ಚಂಡಮಾರುತಕ್ಕೆ ಹೆಸರಿಡೋ ಹಾಗೆ ಬಿಸಿಗಾಳಿಗೂ ಹೆಸರಿಡೋಕೆ ಶುರು ಮಾಡಿದ ಊರು ಅದು. 2022ರಲ್ಲಿ ಮೊದಲನೇದಕ್ಕೆ ಝೋಯಿ ಅಂತ ಹೆಸರಿಟ್ರು. ಜನ ಅಷ್ಟು ಸೀರಿಯಸ್ಸಾಗಿ ತಗೋತಾರೆ. "ನಾವು ತಿಪಟೂರಿನವರು, ಬಿಸಿಲು ನಮಗೇನು ಹೊಸದಾ" ಅಂತ ಚಿಕ್ಕಪ್ಪ ಬರೆದಿದ್ರು. ತಿಪಟೂರಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಪ್ಪ ಎಲ್ಲಿರ್ತಾರೆ? ಹಜಾರದಲ್ಲಿ ಫ್ಯಾನ್ ಕೆಳಗೆ ಮಲಗಿರ್ತಾರೆ. ಕಲ್ಲು ಹಾಸಿದ ಬೀದೀಲಿ ಬಾವುಟ ಹಿಡಿದ ಗೈಡ್ ಹಿಂದೆ ಓಡ್ತಿರಲ್ಲ.

ಇನ್ನೊಂದು ಕಾರಣ ಇದೆ, ಅದೇ ಮುಖ್ಯ. ಸ್ಪೇನ್ ಮದುವೇಲಿ ಹುಡುಗಿಯನ್ನ ಅವಳ ಅಪ್ಪ ಕರ್ಕೊಂಡು ಬರ್ತಾರೆ, ಅದು ಸಿನಿಮಾದಲ್ಲಿ ನೋಡಿದೀರಿ. ಹುಡುಗನ್ನ ಕರ್ಕೊಂಡು ಬರೋದು ಅವನ ಅಮ್ಮ. ಅವರನ್ನ ಮಾದ್ರಿನಾ ಅಂತಾರೆ. ನಮ್ಮದು ಚರ್ಚಿನ ಮದುವೆ ಅಲ್ಲದಿದ್ರೂ ಬೀಗರು ಈ ಪದ್ಧತಿ ಬಿಡೋದು ಬೇಡ ಅಂದಿದಾರೆ. ಅಂದ್ರೆ ಶನಿವಾರ ಸಂಜೆ ಏಳು ಗಂಟೆಗೆ, ಎಲ್ಲರೆದುರು, ತಮ್ಮನ ಕೈ ಹಿಡಿದು ನಡೀಬೇಕಾದೋರು ನಮ್ಮ ಅಮ್ಮ. ಅವರ ಎಡ ಮಂಡಿ ವಿಷಯ ನಿಮಗೆಲ್ಲ ಗೊತ್ತು. ಸಕ್ಕರೆ ಇದೆ, ಬಿಪಿ ಇದೆ. ಅಪ್ಪ ಇದ್ದಿದ್ರೆ ಇಬ್ಬರಲ್ಲಿ ಒಬ್ಬರು ಸಂಭಾಳಿಸ್ತಿದ್ರು. ಈಗ ಅಮ್ಮ ಒಬ್ರೇ. ಗುರುವಾರ ಗ್ರಾನಡಾ, ಶುಕ್ರವಾರ ಕಾರ್ಡೊಬಾ ಮಾಡಿಸಿ ಶನಿವಾರ ಅವರನ್ನ ಕುರ್ಚಿ ಮೇಲೆ ಕೂರಿಸೋ ಹಾಗಾದ್ರೆ ನಾವು ಅಷ್ಟು ದೂರ ಹೋಗಿದ್ದು ಯಾವುದಕ್ಕೆ?

ನಾನು ಈ ತಪ್ಪು ಒಂದ್ಸಲ ಮಾಡಿದೀನಿ. ಅತ್ತೆ ಮಾವ ಇಂಗ್ಲೆಂಡಿಗೆ ಬಂದಾಗ ಒಂದೇ ದಿನದಲ್ಲಿ ಲಂಡನ್ ತೋರಿಸ್ತೀನಿ ಅಂತ ಹನ್ನೊಂದು ಜಾಗದ ಪಟ್ಟಿ ಮಾಡಿದ್ದೆ. ಏಳನೇ ಜಾಗದಲ್ಲಿ ಅತ್ತೆ ಬೆಂಚ್ ಮೇಲೆ ಕೂತು ಚಪ್ಪಲಿ ಬಿಚ್ಚಿದ್ರು. ಪಾದ ಊದಿ ಪಟ್ಟಿಯ ಗುರುತು ಬಿದ್ದಿತ್ತು. "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದ್ರು. ಬೆಳಗ್ಗೆಯಿಂದ ಬಾತ್‌ರೂಮ್ ಸಿಗಲ್ಲ ಅಂತ ನೀರೂ ಕುಡಿದಿರಲಿಲ್ಲ. ದಿನವೆಲ್ಲ ಬೇರೆಯವರ ಇನ್‌ಪುಟ್ ಔಟ್‌ಪುಟ್ ಬರೆಯೋ ನರ್ಸ್ ನಾನು, ಮನೆಯವರದ್ದು ನೋಡಲಿಲ್ಲ. ಅವತ್ತಿಂದ ನನ್ನ ನಿಯಮ ಒಂದೇ: ಗುಂಪಲ್ಲಿ ಯಾರು ಅತಿ ನಿಧಾನವಾಗಿ ನಡೀತಾರೋ ಅವರಿಗೋಸ್ಕರ ಪಟ್ಟಿ ಮಾಡಬೇಕು.

"ಜೀವನದಲ್ಲಿ ಒಂದೇ ಸಲ ಬರೋದು, ಇಷ್ಟು ದುಡ್ಡು ಹಾಕಿ ಬಂದು ನೋಡದೆ ಹೋಗೋದಾ" ಅಂತ ಕೇಳ್ತೀರಿ. ನ್ಯಾಯವಾದ ಮಾತು. ಅದಕ್ಕೇ ಹೇಳ್ತಿರೋದು, ಸೆವಿಲ್ಲೆಯನ್ನೇ ಸರಿಯಾಗಿ ನೋಡಿ. ಬೆಳಗ್ಗೆ ಒಂದು ಜಾಗ, ಮಧ್ಯಾಹ್ನ ನಿದ್ದೆ, ಸಂಜೆ ಒಂದು ಜಾಗ. ನನ್ನ ಪಟ್ಟಿ ಇದು.

ಗುರುವಾರ ಬೆಳಗ್ಗೆ ಅಲ್ಕಾಸರ್ ಅರಮನೆ. ಮುಸ್ಲಿಂ ಅರಸರ ಕೋಟೆ ಇದ್ದ ಜಾಗದಲ್ಲಿ 14ನೇ ಶತಮಾನದಲ್ಲಿ ಪೇದ್ರೋ ಅನ್ನೋ ಕ್ರೈಸ್ತ ರಾಜ ಕಟ್ಟಿಸಿದ, ಆದ್ರೆ ಅರಬ್ಬಿ ಶೈಲೀಲೇ. ಗೋಡೆ ತುಂಬ ಬಣ್ಣದ ಟೈಲ್ಸ್, ಕಸೂತಿ ಹಾಗೆ ಕೆತ್ತಿದ ಗಾರೆ. ಸ್ಪೇನ್ ರಾಜಮನೆತನ ಈಗಲೂ ಬಳಸೋ ಅರಮನೆ ಇದು. ಟಿಕೆಟ್ ಮುಂಚೆನೇ ಆನ್‌ಲೈನಲ್ಲಿ ತಗೋತೀನಿ, ಎಲ್ರ ಪಾಸ್‌ಪೋರ್ಟ್ ಫೋಟೋ ಕಳಿಸಿ. ತೋಟದಲ್ಲಿ ನೆರಳಿದೆ, ಕೂರೋಕೆ ಜಾಗ ಇದೆ.

ಗುರುವಾರ ಸಂಜೆ, ಬಿಸಿಲು ಇಳಿದ ಮೇಲೆ, ತ್ರಿಯಾನಾ. ನದಿ ಆಚೆಯ ಕುಂಬಾರರ, ಫ್ಲಮೆಂಕೋ ಹಾಡುಗಾರರ ಪೇಟೆ. 1852ರ ಕಬ್ಬಿಣದ ಸೇತುವೆ ದಾಟಿದ ಕೂಡ್ಲೇ ಮಾರ್ಕೆಟ್. ಮಾರ್ಕೆಟ್ ಕೆಳಗಡೆ ಇರೋದು ಹಳೇ ಇಂಕ್ವಿಸಿಷನ್ ನಡೆಸ್ತಿದ್ದ ಕೋಟೆಯ ಅವಶೇಷ. ಜೂನಲ್ಲಿ ಸೂರ್ಯ ಮುಳುಗೋದೇ ರಾತ್ರಿ ಒಂಬತ್ತೂ ಮುಕ್ಕಾಲಿಗೆ, ಹಾಗಾಗಿ ಟೈಮ್ ಬೇಕಾದಷ್ಟಿದೆ.

ಶುಕ್ರವಾರ ಬೆಳಗ್ಗೆ ಕ್ಯಾಥೆಡ್ರಲ್. ಜಗತ್ತಿನ ಅತಿ ದೊಡ್ಡ ಗೋಥಿಕ್ ಚರ್ಚು, ಒಳಗೆ ತಂಪು. ಕೊಲಂಬಸ್ ಸಮಾಧಿ ಇಲ್ಲೇ ಇದೆ, ನಾಲ್ಕು ರಾಜ್ಯಗಳ ಹೆಸರಲ್ಲಿ ನಾಲ್ಕು ಮೂರ್ತಿಗಳು ಪೆಟ್ಟಿಗೆ ಹೊತ್ತಿವೆ. ಪಕ್ಕದ ಗೋಪುರ ಹಿರಾಲ್ದಾ, ಮುಂಚೆ ಮಸೀದಿಯ ಮಿನಾರು. ಒಳಗೆ ಬಹುಪಾಲು ಮೆಟ್ಟಿಲಿಲ್ಲ, ಸುತ್ತಿಕೊಂಡು ಏರೋ 35 ಇಳಿಜಾರು. ಕುದುರೆ ಮೇಲೆ ಹತ್ತೋಕೆ ಅನುಕೂಲ ಆಗ್ಲಿ ಅಂತ ಹಾಗೆ ಕಟ್ಟಿದ್ರು ಅಂತಾರೆ. ಮಂಡಿ ಚೆನ್ನಾಗಿರೋರು ಹತ್ತಿ. ಅಮ್ಮ, ದೊಡ್ಡಮ್ಮ ಕಿತ್ತಳೆ ಮರದ ಅಂಗಳದಲ್ಲಿ ಕೂರಲಿ, ನಾನು ಜೊತೆಗಿರ್ತೀನಿ. ಬೀದಿಯ ಕಿತ್ತಳೆ ಕಿತ್ತು ತಿನ್ನಬೇಡಿ, ಕಹಿ. ಇಂಗ್ಲೆಂಡಿನ ಮಾರ್ಮಲೇಡ್‌ಗೆ ಬಳಸೋ ಜಾತಿ ಅದೇ.

ಭಾನುವಾರ ಸಂಜೆ ಪ್ಲಾಸಾ ದೆ ಎಸ್ಪಾನ್ಯಾ. 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಅರ್ಧಚಂದ್ರಾಕಾರದ ದೊಡ್ಡ ಕಟ್ಟಡ, ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಟೈಲ್ಸ್ ಜಗಲಿ. ಫೋಟೋ ತೆಗೆಸ್ಕೊಳ್ಳೋಕೆ ಇದಕ್ಕಿಂತ ಜಾಗ ಬೇಡ.

ನನ್ನ ಸ್ವಂತದ ಒಂದು ಜಾಗ ಸೇರಿಸ್ತೀನಿ: ಹೊಸ್ಪಿತಾಲ್ ದೆ ಲಾ ಕರಿದಾದ್. 17ನೇ ಶತಮಾನದ ಧರ್ಮಾಸ್ಪತ್ರೆ, ಇವತ್ತಿಗೂ ವಯಸ್ಸಾದವರನ್ನ ನೋಡ್ಕೊಳ್ಳುತ್ತೆ. ಅಲ್ಲಿನ ಚರ್ಚಲ್ಲಿ ಮುರಿಲ್ಲೋ ಬಿಡಿಸಿದ ಚಿತ್ರ ಇದೆ, ಒಬ್ಬ ರಾಜಕುಮಾರಿ ರೋಗಿಯ ತಲೆಯ ಹುಣ್ಣು ತೊಳೀತಿರೋದು. ಫೆಬ್ರವರೀಲಿ ಹೋದಾಗ ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ. ನಮ್ಮ ಕೆಲಸವನ್ನ ಚರ್ಚಿನ ಗೋಡೆ ಮೇಲೆ ಹಾಕಿದಾರಲ್ಲ ಅಂತ ಖುಷಿ ಆಯ್ತು.

ಈಗ ಊಟ. ಅಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿ ಊಟ ಒಂಬತ್ತರ ಮೇಲೆ. ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಿ: "ಮಾಂಸ ಬೇಡ" ಅಂದ್ರೆ ಸಾಲದು. ಹಮೋನ್ ಅನ್ನೋ ಒಣ ಹಂದಿಮಾಂಸ, ಟ್ಯೂನಾ ಮೀನು ಎರಡನ್ನೂ ಎಷ್ಟೋ ಜನ ಮಾಂಸದ ಲೆಕ್ಕಕ್ಕೆ ತಗೊಳ್ಳಲ್ಲ. ಮಿಕ್ಸ್ಡ್ ಸಲಾಡ್ ಅಂದ್ರೂ ಮೇಲೆ ಟ್ಯೂನಾ ಬರುತ್ತೆ. "ನಿ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೋ" ಅಂತ ಹೇಳಿ. ಮಾಂಸ, ಹಮೋನ್, ಮೀನು ಮೂರೂ ಬೇಡ ಅಂತ.

ತಿನ್ನಬಹುದಾದ್ದು ಬೇಕಾದಷ್ಟಿದೆ. ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್ ಅಂದ್ರೆ ಪಾಲಕ್ ಕಡಲೆಕಾಳು, ಜೀರಿಗೆ ಹಾಕಿರ್ತಾರೆ, ನಮ್ಮ ಪಲ್ಯದ ದೂರದ ನೆಂಟ. 1670ರಿಂದ ಇರೋ ಎಲ್ ರಿಂಕೊನ್ಸಿಯೋದಲ್ಲಿ ತಿನ್ನಿ, ಬಿಲ್ಲನ್ನ ಸೀಮೆಸುಣ್ಣದಲ್ಲಿ ಮರದ ಕಟ್ಟೆ ಮೇಲೆ ಬರೀತಾರೆ. ಸಲ್ಮೊರೇಹೋ ಅಂದ್ರೆ ತಣ್ಣಗಿನ ಗಟ್ಟಿ ಟೊಮೆಟೊ ಸಾರು, ಮೇಲೆ ಮೊಟ್ಟೆ ಮತ್ತು ಹಮೋನ್ ಉದುರಿಸ್ತಾರೆ, ಎರಡೂ ಬೇಡ ಅನ್ನಿ. ಕ್ರೊಕೆತಾ ಅನ್ನೋ ಕರಿದ ತಿಂಡಿ ಕೇಳದೆ ಬಾಯಿಗೆ ಹಾಕ್ಕೋಬೇಡಿ. ಬೆಳಗ್ಗೆ ಟೋಸ್ಟ್ ಮೇಲೆ ಟೊಮೆಟೊ, ಆಲಿವ್ ಎಣ್ಣೆ. ಮೊಟ್ಟೆ ತಿನ್ನೋರಿಗೆ ಸಾನ್ ಲೆಯಾಂದ್ರೋ ಮಠದ ಯೆಮಾಸ್ ಸಿಹಿ. ಸನ್ಯಾಸಿನಿಯರು ಮುಖ ತೋರಿಸದೆ ಗೋಡೆಯ ತಿರುಗೋ ಪೆಟ್ಟಿಗೇಲಿಟ್ಟು ಕೊಡ್ತಾರೆ.

ಸಕ್ಕರೆ ಇರೋರಿಗೆ: ಮದುವೆ ಊಟ ಕೂರೋದೇ ರಾತ್ರಿ ಹತ್ತರ ಹೊತ್ತಿಗೆ. ಅಲ್ಲೀವರೆಗೆ ಕಾಯಬೇಡಿ, ಏಳಕ್ಕೆ ಮುಂಚೆ ರೂಮಲ್ಲೇ ಸ್ವಲ್ಪ ತಿಂದು ಬನ್ನಿ. ಮಾತ್ರೆ, ಇನ್ಸುಲಿನ್ ಟೈಮ್ ಬಗ್ಗೆ ಹೊರಡೋ ಮುಂಚೆ ನಿಮ್ಮ ಡಾಕ್ಟರನ್ನ ಕೇಳಿ, ಬಿಪಿಗೆ ನೀರಿನ ಮಾತ್ರೆ ತಗೊಳ್ಳೋರು ಸೆಕೆ ಬಗ್ಗೇನೂ ಕೇಳಿ. ಔಷಧಿ, ಚೀಟಿ ಎರಡೂ ಕೈ ಚೀಲದಲ್ಲಿರಲಿ, ಇನ್ಸುಲಿನ್ ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.

ಹುಡುಗರಿಗೆ ಬೇಜಾರಾಗಿದ್ರೆ ಕೇಳಿ. ಕಾರ್ಡೊಬಾಗೆ ಸ್ಪೀಡ್ ಟ್ರೈನಲ್ಲಿ ಮುಕ್ಕಾಲು ಗಂಟೆ, ಸೋಮವಾರ ಬೆಳಗ್ಗೆ ಹೋಗಿ ಸಂಜೆ ಬನ್ನಿ. ಗ್ರಾನಡಾಗೂ ಆಮೇಲೆ ಹೋಗಿ, ಎರಡು ದಿನ ಉಳಿದು ನೋಡಿ. 1526ರಲ್ಲಿ ಐದನೇ ಚಾರ್ಲ್ಸ್ ಚಕ್ರವರ್ತಿ ಇದೇ ಅಲ್ಕಾಸರ್ ಅರಮನೇಲಿ ಮದುವೆ ಆದ. ಅವನೂ ಹೆಂಡತೀನ ಕರ್ಕೊಂಡು ಗ್ರಾನಡಾಗೆ ಹೋಗಿದ್ದು ಮದುವೆ ಆದ್ಮೇಲೇ.

ಶನಿವಾರ ಬೆಳಗ್ಗೆ ಯಾವ ಕಾರ್ಯಕ್ರಮವೂ ಇಲ್ಲ. ಅಮ್ಮನ ಕಾಲಿಗೆ ಎಣ್ಣೆ ಹಚ್ಚೋದು, ಸೀರೆ ಇಸ್ತ್ರಿ ಮಾಡೋದು, ಮಲಗೋದು. ಅವರು ನಡಿಯೋದು ಮೂವತ್ತು ನಲವತ್ತು ಹೆಜ್ಜೆ ಇರಬಹುದು. ಅಷ್ಟನ್ನ ಅವರು ಯಾರ ಆಸರೆಯೂ ಇಲ್ಲದೆ ನಡೀಬೇಕು ಅನ್ನೋದು ನನ್ನ ಆಸೆ.

ಒಪ್ಪಿಗೆ ಇದ್ರೆ ಗ್ರೂಪಲ್ಲಿರೋ ಹಳೇ ಪಟ್ಟಿ ತೆಗೀರಿ. ಮುಂದಿನ ಭಾಗದಲ್ಲಿ ಉಡುಗೊರೆ, ಮುಯ್ಯಿ ವಿಷಯ ಬರೀತೀನಿ.