ಹಗ್ಗದ ಬೆಲೆ

ನಮ್ಮ ಮನೆಯಲ್ಲಿ ಒಂದು ಕಾರಿದೆಯೆಂದು ಹೇಳಿಕೊಳ್ಳಲು ನನಗೆ ಇಂದಿಗೂ ಕೊಂಚ ಸಂಕೋಚ. ಮಠದ ಪಾಠಶಾಲೆಯಲ್ಲಿದ್ದ ದಿನಗಳಲ್ಲಿ ಜಾತ್ರೆಗೆ, ಶಿವಾನುಭವ ಗೋಷ್ಠಿಗೆ ನಡೆದೇ ಹೋಗಿಬಂದ ಕಾಲುಗಳಿವು. ಆದರೆ ಎಪ್ಪತ್ತೆಂಟು ತುಂಬಿದ ಅಕ್ಕನವರನ್ನು ತಿಂಗಳಿಗೆರಡು ಸಲ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಗ ಊರು ಬಿಡುವಾಗ ತನ್ನ ಕಾರನ್ನು ಬಿಟ್ಟುಹೋದ. ಐವತ್ತು ದಾಟಿದ ಮೇಲೆ ಕಲಿತ ಚಾಲನೆ ಹೀಗೆ ಉಪಯೋಗಕ್ಕೆ ಬಂದಿತು.

2025ರ ಆಷಾಢ ಮುಗಿಯುವ ಹೊತ್ತಿಗೆ ಆ ಕಾರಿನ ಮುಂಭಾಗದಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ರಸ್ತೆಯ ಉಬ್ಬು ಹತ್ತಿಳಿದಾಗ, ಸಣ್ಣ ಗುಂಡಿಗೆ ಚಕ್ರ ಬಿದ್ದಾಗ, ಯಾರೋ ಕದ ತಟ್ಟಿದಂತೆ ಟಕಟಕ ಎನ್ನುವುದು. ಜಯನಗರದಿಂದ ಬನಶಂಕರಿಗೆ ಹೋಗುವಷ್ಟರಲ್ಲಿ ನಲವತ್ತು ಸಲ ತಟ್ಟುತ್ತಿತ್ತು. ಕಾರನ್ನು ಮಾರಿದ ಸಂಸ್ಥೆಯ ದುರಸ್ತಿಶಾಲೆ ಹೊರವರ್ತುಲ ರಸ್ತೆಯಲ್ಲೇ ಇದೆ. ಗೊತ್ತಿಲ್ಲದವರ ಕೈಗೆ ಕೊಡುವುದಕ್ಕಿಂತ ಮಾರಿದವರ ಕೈಗೇ ಕೊಡುವುದು ಲೇಸೆಂದು ಅಲ್ಲಿಗೆ ಒಯ್ದೆ.

ಅದೊಂದು ಅರಮನೆ. ತಂಪುಗಾಳಿ, ಮೆತ್ತನೆಯ ಆಸನ, ಕೇಳದಿದ್ದರೂ ಬರುವ ಕಾಫಿ. ಗೋಡೆಯ ಮೇಲೆ ಕಾಯಕವನ್ನು ಕುರಿತ ಶರಣರ ಮಾತೊಂದನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಿ ತೂಗುಹಾಕಿದ್ದರು. ಅದನ್ನು ಕಂಡು ನನ್ನ ಮನಸ್ಸು ಅರ್ಧ ಸೋತಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಟೈ ಕಟ್ಟಿದ ಯುವಕನೊಬ್ಬ ಜಾಬ್ ಕಾರ್ಡು ಬರೆದು, 7,500 ರೂಪಾಯಿ ಆಗಬಹುದು, ಮೂರು ದಿನ ಸಾಕು ಎಂದ.

ಮೂರು ದಿನ ಹದಿನೇಳಾಯಿತು. ಬಿಡಿಭಾಗ ಬಂದಿಲ್ಲ, ಕೆಲಸಗಾರ ರಜೆಯಲ್ಲಿದ್ದಾನೆ, ಪರೀಕ್ಷೆ ಬಾಕಿಯಿದೆ – ದಿನಕ್ಕೊಂದು ಕಾರಣ. ನಮ್ಮ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾದದ್ದು ಆ ಆಗಸ್ಟ್ 10ರಂದು. ಕಾರು ಕೊಟ್ಟ ಮೇಲೆ ಊರಿಗೊಂದು ರೈಲು ಮಾರ್ಗವೇ ಸಿದ್ಧವಾಯಿತು, ನಿನ್ನ ಕಾರು ಆಗಲಿಲ್ಲ ಎಂದು ಅಕ್ಕನವರು ನಕ್ಕರು. ಕೊನೆಗೆ ಬಂದ ಬಿಲ್ಲು 23,860 ರೂಪಾಯಿ. ಮುಂದಿನ ಎರಡೂ ಶಾಕ್ ಅಬ್ಸಾರ್ಬರುಗಳನ್ನೂ ಕೆಳಗಿನ ತೋಳುಗಳನ್ನೂ ಬದಲಿಸಿದ್ದರು. ನನ್ನನ್ನು ಕೇಳಿರಲಿಲ್ಲ. ಹಣ ಕೊಡದೆ ಕಾರು ಹೊರಗೆ ಹೋಗದು ಎಂದರು. ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಬರೆದು ಸಹಿ ಹಾಕಿ ಹಣ ಕೊಟ್ಟೆ. ಹೊರಗೆ ಬಂದ ಮೊದಲ ಉಬ್ಬಿನಲ್ಲೇ ಟಕಟಕ!

ಮರಳಿ ಹೋದಾಗ ನಾನು ನಡೆದುಕೊಂಡ ರೀತಿಯನ್ನು ಬರೆಯದೆ ಇರಲಾರೆ. ಇಪ್ಪತ್ತು ಜನರ ಎದುರಿಗೆ ಆ ಯುವಕನನ್ನು ಕಳ್ಳನೆಂದೆ. ನಲವತ್ತು ವರ್ಷ ಶರಣರ ಮೃದುವಚನವನ್ನು ಕುರಿತು ಉಪನ್ಯಾಸ ಮಾಡಿದ ಬಾಯಿ ಇದು. ಅವನು ತಲೆತಗ್ಗಿಸಿ ನಿಂತ. ಮೇಲಧಿಕಾರಿ ಬಂದು, ಈಗ ಸ್ಟಿಯರಿಂಗಿನ ಭಾಗವನ್ನೇ ಬದಲಿಸಬೇಕು, ಇನ್ನೊಂದು 38,000 ಆದೀತು ಎಂದು ಸಾವಧಾನದಿಂದ ಹೇಳಿದ. ಬಿಚ್ಚಿದ ಹಳೆಯ ಭಾಗಗಳನ್ನು ಕೊಡಿರೆಂದೆ. ಗುಜರಿಗೆ ಹೋಯಿತೆಂದರು. ಪಟ್ಟುಹಿಡಿದು ಕುಳಿತ ಮೇಲೆ ಒಂದು ಗೋಣಿಚೀಲದಲ್ಲಿ ಬಂದವು.

ಬನಶಂಕರಿ ಎರಡನೆಯ ಹಂತದ ಒಂದು ಅಡ್ಡರಸ್ತೆಯಲ್ಲಿ ಹಿರಿಯ ಮೆಕ್ಯಾನಿಕರೊಬ್ಬರಿದ್ದಾರೆ. ತಗಡಿನ ಚಾವಣಿ, ಎರಡು ಕಾರು ನಿಲ್ಲುವಷ್ಟು ಜಾಗ. ಅವರು ಮೊದಲು ಯಂತ್ರವನ್ನು ಮುಟ್ಟಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ಎರಡು ಉಬ್ಬು ದಾಟಿಸಿ ಕಣ್ಣುಮುಚ್ಚಿ ಕೇಳಿದರು. ಬಳಿಕ ಕೆಳಗೆ ತೂರಿ, ಬೆರಳುಗಾತ್ರದ ಒಂದು ಸರಳನ್ನು ಹಿಡಿದು ಅಲುಗಾಡಿಸಿದರು. ಅದೇ ಸದ್ದು. ಸ್ಟೆಬಿಲೈಸರ್ ಲಿಂಕ್ ಎನ್ನುತ್ತಾರೆ. ತಿರುವಿನಲ್ಲಿ ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವ ದಂಡಕ್ಕೆ ಕೊಂಡಿ ಅದು. ಅದರ ಗಿಣ್ಣು ಸವೆದರೆ ಸಣ್ಣ ಉಬ್ಬುಗಳಲ್ಲೇ ಹೆಚ್ಚು ಬಡಿಯುತ್ತದೆಯಂತೆ. ಎರಡು ಕೊಂಡಿಗಳಿಗೆ, ಕೂಲಿಯೂ ಸೇರಿ, 1,400 ರೂಪಾಯಿ. ಗೋಣಿಚೀಲದ ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ನಿಲ್ಲಿಸಿ ಅದುಮಿ ತೋರಿಸಿದರು. ಹೊರಮೈಯಲ್ಲಿ ಎಣ್ಣೆ ಒಸರಿದ ಗುರುತಿಲ್ಲ. ಅದುಮಿದ ದಂಡ ನಿಧಾನವಾಗಿ, ಒಂದೇ ಸಮನೆ ಮೇಲೆದ್ದಿತು. “ಇದಕ್ಕೇನೂ ಆಗಿರಲಿಲ್ಲ, ಸ್ವಾಮೀ” ಎಂದರು. ನೂರು ರೂಪಾಯಿ ಹೆಚ್ಚು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಶೂನ್ಯಸಂಪಾದನೆಯ ಓದುಗರಿಗೆ ನುಲಿಯ ಚಂದಯ್ಯನವರ ಪ್ರಸಂಗ ತಿಳಿದದ್ದೇ. ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ ಅವರದು. ಜಾರಿಬಿದ್ದ ಲಿಂಗವನ್ನು ಅವರು ಎತ್ತಿಕೊಳ್ಳದೆ ನಡೆದದ್ದು, ಮಡಿವಾಳ ಮಾಚಯ್ಯನವರ ಸಂಧಾನ, ಲಿಂಗವೇ ಹಗ್ಗ ಮಾರಲು ಹೋದದ್ದು, ಬಸವಣ್ಣನವರು ಹಗ್ಗದ ಯೋಗ್ಯತೆಗೆ ಮೀರಿದ ಹೊನ್ನನ್ನು ಕೊಟ್ಟದ್ದು, ಅದನ್ನು ಚಂದಯ್ಯನವರು ಒಪ್ಪದೆ ಹೋದದ್ದು – ಇವನ್ನೆಲ್ಲ ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಆದರೆ ಆ ತಗಡಿನ ನೆರಳಿನಲ್ಲಿ ನಿಂತಾಗ ಹಿಂದೆ ಗಮನಿಸದ ಒಂದು ಸಂಗತಿ ಹೊಳೆಯಿತು. ಅಲ್ಲಿಯೂ ಹೊಸೆದವರೊಬ್ಬರು, ಮಾರಿದವರು ಇನ್ನೊಬ್ಬರು. ಆದರೂ ಬೆಲೆಯ ನ್ಯಾಯಾನ್ಯಾಯಕ್ಕೆ ಹೊಸೆದವರೇ ಹೊಣೆಗಾರರಾದರು. ಮಾರಿದವನು ಸಾಕ್ಷಾತ್ ಶಿವನಾದರೂ ಸರಿ, ಹೆಚ್ಚು ತಂದದ್ದು ತಪ್ಪೇ ಎಂದರು. ಆ ಅರಮನೆಯಲ್ಲಿ ನನ್ನ ಕಾರನ್ನು ಬಿಚ್ಚಿದ ಕೈಯನ್ನು ನಾನು ನೋಡಲೇ ಇಲ್ಲ. ಬಿಚ್ಚಿದವನಿಗೆ ಬೆಲೆ ತಿಳಿಯದು, ಬೆಲೆ ಹೇಳಿದವನಿಗೆ ಯಂತ್ರ ತಿಳಿಯದು, ಎರಡನ್ನೂ ಬಲ್ಲ ಒಡೆಯ ಕಾಣಸಿಗುವುದಿಲ್ಲ. ತಪ್ಪು ಎಲ್ಲಿ ಮಲಗಿದೆಯೆಂದು ಯಾರನ್ನು ಕೇಳುವುದು?

ಕಾಯಿದೆಯ ಮಾತನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳಿಬಿಡುತ್ತೇನೆ. ದುರಸ್ತಿ ಮಾಡಿದವನು ಒಪ್ಪಿದ ಕೂಲಿ ಸಲ್ಲುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದೆಂದು 1872ರ ಕರಾರು ಅಧಿನಿಯಮದ 170ನೆಯ ಪ್ರಕರಣವೇ ಹೇಳುತ್ತದೆ. ವಜ್ರವನ್ನು ಸಾಣೆಗೆ ಕೊಟ್ಟವನ ಉದಾಹರಣೆ ಅಲ್ಲಿದೆ. ಆದರೆ ಹೇಳದ ಕೆಲಸವನ್ನು ಮಾಡಿ ಹಣ ಕೇಳುವುದು ಬೇರೆಯ ಮಾತು. ಅದು ಸೇವೆಯ ನ್ಯೂನತೆಯೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರು ಕೊಡಬಹುದು. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು, ಎರಡು ವರ್ಷದೊಳಗೆ ಸಲ್ಲಿಸಬೇಕು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೆ ಮೊದಲು 1915ಕ್ಕೆ ದೂರವಾಣಿ ಮಾಡಿ ದೂರು ದಾಖಲಿಸಬಹುದು. ಅಂದಾಜನ್ನು ಬರಹದಲ್ಲಿ ಪಡೆಯುವುದು, ಹಳೆಯ ಭಾಗಗಳನ್ನು ಕೇಳಿ ತರುವುದು – ಇವೆರಡನ್ನು ಮರೆಯಬಾರದು.

1915ಕ್ಕೆ ದೂರು ಕೊಟ್ಟ ಮೇಲೆ ಸಂಸ್ಥೆಯವರು ಕೂಲಿಯ ಬಾಬತ್ತು 5,900 ರೂಪಾಯಿಯನ್ನು ಹಿಂದಿರುಗಿಸಿ, ಭಾಗಗಳ ಹಣ ಕೊಡಲಾಗದೆಂದರು. ಅದಾದ ಮಾರನೆಯ ಸೋಮವಾರ ಸಂಜೆ ಆ ಯುವಕ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಟೈ ಇರಲಿಲ್ಲ, ಹಣೆಯಲ್ಲಿ ವಿಭೂತಿಯಿತ್ತು. ಚಾಮರಾಜನಗರದ ಕಡೆಯವನು, ಮಠವೊಂದರ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದವನು. ತಿಂಗಳಿಗೆ ಇಷ್ಟು ಭಾಗಗಳನ್ನು ಮಾರಲೇಬೇಕೆಂಬ ಗುರಿ ತನ್ನ ತಲೆಯ ಮೇಲಿದೆಯೆಂದೂ, ಮೇಲಿನವರು ಹೇಳಿದ್ದನ್ನೇ ಬರೆದೆನೆಂದೂ ಹೇಳಿದ. ಅವನು ಕ್ಷಮೆ ಕೇಳುವ ಮೊದಲೇ ನಾನು ಕೇಳಿದೆ; ಅಷ್ಟಾದರೂ ನನ್ನಿಂದಾಯಿತು. ಅಕ್ಕನವರು ತಟ್ಟೆಯಿಟ್ಟು ಊಟಕ್ಕೆ ಕೂರಿಸಿದರು. ಹೊರಡುವಾಗ, ಆಯೋಗಕ್ಕೆ ಹೋಗುತ್ತೀರಾ ಎಂದು ಕೇಳಿದ. ಹೋಗುತ್ತೇನೆ ಎಂದೆ. ನನ್ನ ಹಾಗೆ ಕೇಳದೆ ಹಣ ತೆತ್ತು ಸುಮ್ಮನಾದವರು ಎಷ್ಟು ಮಂದಿಯೋ ಎಂದೆ. ಅವನು ಬೇಡವೆನ್ನಲಿಲ್ಲ. ಆದರೆ ಮೆಟ್ಟಿಲ ಬಳಿ ನಿಂತು, “ಜಾಬ್ ಕಾರ್ಡಿನಲ್ಲಿ ನನ್ನ ಹೆಸರೊಂದೇ ಇದೆ, ಗುರುಗಳೇ” ಎಂದ.

ಕಾರ್ತಿಕದಲ್ಲಿ ದೂರು ಸಲ್ಲಿಸಿದೆ. ಎದುರುದಾರರೆಂದು ಸಂಸ್ಥೆಯನ್ನೂ ಅದರ ಒಡೆಯರನ್ನೂ ಮಾತ್ರ ನಮೂದಿಸಿ, ಬಿಲ್ಲು ಮಾಡುವ ಪದ್ಧತಿಯ ಮೇಲೆಯೇ ಆಕ್ಷೇಪವೆಂದು ಬೇರೆಯಾಗಿ ಒಂದು ಪುಟ ಬರೆದಿದ್ದೇನೆ. ಆದರೆ ಜಾಬ್ ಕಾರ್ಡಿನ ಪ್ರತಿಯನ್ನು ಲಗತ್ತಿಸದೆ ದೂರು ನಿಲ್ಲುವುದಿಲ್ಲ. ಅದರ ಕೆಳಗೆ, ದುಂಡಗಿನ ಕನ್ನಡ ಅಕ್ಷರಗಳಲ್ಲಿ, ಆ ಹುಡುಗನ ಸಹಿಯಿದೆ.