ಹೊಸ ಕೈಗಾರಿಕಾ ನೀತಿ ಮತ್ತು ಭದ್ರಾವತಿಯ ಹಳೆಯ ಬಾಕಿ

ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಹೂಡಿಕೆದಾರರ ಸಮಾವೇಶದ ಸಂದರ್ಭದಲ್ಲಿ, 2025–30ರ ಅವಧಿಯ ಕೈಗಾರಿಕಾ ನೀತಿಯನ್ನು ಪ್ರಕಟಿಸಿತು. ಏಳೂವರೆ ಲಕ್ಷ ಕೋಟಿ ರೂಪಾಯಿ ಬಂಡವಾಳ ಮತ್ತು 20 ಲಕ್ಷ ಉದ್ಯೋಗ ಅದರ ಗುರಿ. ಅದೇ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ವಾಗ್ದಾನ ದೊರೆತಿದ್ದು, ಅದರಿಂದ 6 ಲಕ್ಷ ಉದ್ಯೋಗಗಳು ನಿರೀಕ್ಷಿತವೆಂದು ಸರ್ಕಾರವೇ ತಿಳಿಸಿತು. ವರ್ತಕರಾದ ನಾವು ಇಂತಹ ಅಂಕಿಗಳನ್ನು ಕಂಡಾಗ ಭಾಗಾಕಾರ ಮಾಡದೆ ಇರಲಾರೆವು. ನೀತಿಯ ಲೆಕ್ಕದಲ್ಲಿ ಒಂದು ಉದ್ಯೋಗಕ್ಕೆ ತಗಲುವ ಬಂಡವಾಳ 37.5 ಲಕ್ಷ ರೂಪಾಯಿ. ಸಮಾವೇಶದ ಲೆಕ್ಕದಲ್ಲಿ ಸುಮಾರು 1.7 ಕೋಟಿ ರೂಪಾಯಿ. ಈ ಅಂತರವನ್ನು ತುಂಬಬೇಕಾದವರು ಸಣ್ಣ ಉದ್ದಿಮೆದಾರರಲ್ಲದೆ ಬೇರಾರೂ ಅಲ್ಲ.

ಪಶ್ಚಿಮಕ್ಕೆ ಗಾಜನೂರು, ಪೂರ್ವಕ್ಕೆ ಭದ್ರಾವತಿ. ನಡುವೆ ಶಿವಮೊಗ್ಗ ನಗರ. ಈ ಕೆಲವೇ ಮೈಲಿಗಳ ಹರವಿನಲ್ಲಿ ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ ಹರಿಯುತ್ತವೆ. ಗಾಜನೂರಿನಲ್ಲಿ ತಡೆದ ತುಂಗೆಯ ನೀರು ಕಾಲುವೆಯಲ್ಲಿ ಹಾವೇರಿ ಜಿಲ್ಲೆಯವರೆಗೂ ಸಾಗುತ್ತದೆ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ರೈತರಿಗೆ ನೀರು ಸಿಗಲಿ. ಆದರೆ ನೀರಿನ ಹಿಂದೆಯೇ ನಮ್ಮ ಯುವಕರೂ ಊರು ಬಿಟ್ಟು ಹೋಗುತ್ತಿರುವುದು ಚಿಂತೆಯ ವಿಷಯ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಅಲ್ಲಿನ ಫೌಂಡ್ರಿಗಳು, ಬಿಡಿಭಾಗ ತಯಾರಿಸುವ ಘಟಕಗಳು ಇವೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಗೊಂಡಿದೆ. ಇಷ್ಟಿದ್ದೂ ಐ.ಟಿ.ಐ., ಡಿಪ್ಲೊಮಾ ಮುಗಿಸಿದ ಹುಡುಗ ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನ ರೈಲು ಹತ್ತುತ್ತಾನೆ.

ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದ ದಿನಗಳಲ್ಲಿ ನಷ್ಟದಲ್ಲಿದ್ದ ಅದನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಮಂಡಳಿಯ ಅಧ್ಯಕ್ಷರಾಗಿ ಸುಸ್ಥಿತಿಗೆ ತಂದರು. ಸೌದೆಯ ಇದ್ದಿಲಿನಿಂದ ಕುಲುಮೆ ಉರಿಸುವುದರ ಜೊತೆಗೆ, ಸೌದೆಯಿಂದ ಬರುವ ಟಾರು, ಮದ್ಯಸಾರಗಳನ್ನೂ ಅಲ್ಲಿ ಉಪೋತ್ಪನ್ನವಾಗಿ ತೆಗೆಯಲಾಗುತ್ತಿತ್ತು. ಇದ್ದುದರಲ್ಲಿ ಏನನ್ನೂ ವ್ಯರ್ಥ ಮಾಡದ ಆ ಲೆಕ್ಕಾಚಾರ ಇಂದಿನ ನೀತಿಕಾರರಿಗೆ ನೆನಪಿದ್ದಂತಿಲ್ಲ. 1998ರಲ್ಲಿ ಕಾರ್ಖಾನೆಯು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಸ್ವಂತ ಅದಿರು ಗಣಿಯಿಲ್ಲದ ಕೊರತೆ ಅದನ್ನು ಬಾಧಿಸುತ್ತಲೇ ಬಂತು. 2019ರಲ್ಲಿ ಖಾಸಗಿಯವರಿಂದ ಆಸಕ್ತಿ ಪತ್ರ ಆಹ್ವಾನಿಸಿ, ಸಾಕಷ್ಟು ಆಸಕ್ತಿ ಕಾಣದೆ 2022ರಲ್ಲಿ ಆ ಪ್ರಕ್ರಿಯೆ ರದ್ದಾಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ, ಕಾರ್ಮಿಕರ ಹೋರಾಟ, ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್‌ನ ಪುನರಾರಂಭ, 2024ರಲ್ಲಿ ಕೇಂದ್ರ ಸಚಿವರ ಭೇಟಿ ಮತ್ತು ಭರವಸೆ. ಇದು ಕೇಂದ್ರದ ಕೈಯಲ್ಲಿರುವ ವಿಷಯವೆಂದು ರಾಜ್ಯ ಹೇಳಬಹುದು.

ಆದರೆ ಮೈಸೂರು ಕಾಗದ ಕಾರ್ಖಾನೆಯ ವಿಷಯದಲ್ಲಿ ಆ ಮಾತಿಗೆ ಅವಕಾಶವಿಲ್ಲ. 1936ರಲ್ಲಿ ಸ್ಥಾಪನೆಯಾಗಿ 1977ರಲ್ಲಿ ಸರ್ಕಾರಿ ಕಂಪನಿಯಾದ ಎಂ.ಪಿ.ಎಂ. ರಾಜ್ಯದ್ದೇ ಸ್ವತ್ತು. 2015–16ರ ಸುಮಾರಿಗೆ ಅಲ್ಲಿನ ಯಂತ್ರಗಳು ನಿಂತವು. ಅಂದಿನಿಂದ ಸರ್ಕಾರಗಳು ಬದಲಾದವು, ಕೈಗಾರಿಕಾ ನೀತಿಗಳು ಬದಲಾದವು. ಪೇಪರ್ ಟೌನಿನ ಅಂಗಡಿ ಬೀದಿಯಲ್ಲಿ ವ್ಯಾಪಾರ ಮಾತ್ರ ಮರಳಲಿಲ್ಲ. ಕಾರ್ಖಾನೆಯ ಸಂಬಳದ ದಿನವನ್ನು ನೋಡಿಕೊಂಡು ಕಿರಾಣಿ, ಬಟ್ಟೆ ಸಾಲ ಕೊಡುತ್ತಿದ್ದ ವರ್ತಕರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಹಿಂದುಳಿದಿರುವಿಕೆಯನ್ನು ಅಳೆಯುವ ನಮ್ಮ ಪದ್ಧತಿಯೂ ಇಲ್ಲಿ ಸಾಲದು. 2002ರಲ್ಲಿ ವರದಿ ನೀಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳಿಂದ ತಾಲ್ಲೂಕುಗಳನ್ನು ತೂಗಿತು. ಆ ಕಾಲಕ್ಕೆ ಅದು ಮಹತ್ವದ ಕೆಲಸ. ಆದರೆ ರಸ್ತೆ, ಬ್ಯಾಂಕು, ಶಾಲೆಗಳ ಎಣಿಕೆಯಲ್ಲಿ, ಇದ್ದ ದುಡಿಮೆಯನ್ನೇ ಕಳೆದುಕೊಂಡ ಊರಿನ ಸಂಕಟ ಕಾಣಿಸುವುದಿಲ್ಲ. ಬ್ಯಾಂಕಿನ ಶಾಖೆ ಇರುತ್ತದೆ, ಸಾಲ ಪಡೆಯುವವನಿರುವುದಿಲ್ಲ. 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಮತ್ತೊಂದು ಸಮಿತಿ ರಚಿಸಿತು. ಕೈಗಾರಿಕೆ ಕಳೆದುಕೊಂಡ ತಾಲ್ಲೂಕುಗಳಿಗೆ ಪ್ರತ್ಯೇಕ ವರ್ಗವೊಂದು ಬೇಕೆಂಬುದು ನಮ್ಮ ಅಭಿಪ್ರಾಯ.

ಎಂ.ಪಿ.ಎಂ. ಅನ್ನು ಇಡಿಯಾಗಿ ಒಬ್ಬ ದೊಡ್ಡ ಉದ್ಯಮಿಗೆ ಒಪ್ಪಿಸಬೇಕೆಂಬ ವಾದವಿದೆ. ಬಂದರೆ ಸ್ವಾಗತ. ಆದರೆ ಅಂತಹ ಒಬ್ಬನಿಗಾಗಿ ಊರು ಇನ್ನೊಂದು ದಶಕ ಕಾಯುವುದು ಸಾಧ್ಯವಿಲ್ಲ. ಉಕ್ಕಿನ ಕಾರ್ಖಾನೆಯ ಆಸಕ್ತಿ ಪತ್ರದ ಕಥೆ ನಮ್ಮ ಕಣ್ಣೆದುರಿಗೇ ಇದೆ. ನೆಡುತೋಪುಗಳ ಅರಣ್ಯ ಭೂಮಿಯ ವಿವಾದ, ಅಕೇಶಿಯಾ ಬೇಡವೆಂಬ ಮಲೆನಾಡಿನ ಜನರ ನ್ಯಾಯವಾದ ಕೂಗು, ಇವನ್ನು ಕಾರ್ಖಾನೆಯ ಆವರಣದ ಪ್ರಶ್ನೆಯೊಂದಿಗೆ ಬೆರೆಸುವುದೂ ತರವಲ್ಲ. ಅರಣ್ಯದ ಮಾತು ಬೇರೆ, ಊರೊಳಗಿನ ಆವರಣದ ಮಾತು ಬೇರೆ.

ಆವರಣದ ಬಳಕೆಯಾಗದ ಭಾಗವನ್ನು ಬೇರ್ಪಡಿಸಿ, ಸಾಲ ಬಾಕಿಗಳನ್ನು ಇತ್ಯರ್ಥಗೊಳಿಸಿ, ರಾಜ್ಯ ಸಣ್ಣ ಕೈಗಾರಿಕಾ ಅಭಿವೃದ್ಧಿ ನಿಗಮದ ಮೂಲಕ ಅಲ್ಲಿ ಸಿದ್ಧ ಶೆಡ್‌ಗಳನ್ನು ಕಟ್ಟಿಸಿ ಬಾಡಿಗೆಗೆ ನೀಡಬೇಕು. ನಿವೇಶನ ಕೊಳ್ಳುವುದಕ್ಕೇ ಬಂಡವಾಳವೆಲ್ಲ ಮುಗಿದರೆ ಯಂತ್ರಕ್ಕೆ, ಕಚ್ಚಾ ಮಾಲಿಗೆ ಏನು ಉಳಿದೀತು? ಎರಕದ ಮೇಲಿನ ಮಷೀನಿಂಗ್, ಪ್ಯಾಟರ್ನ್ ತಯಾರಿಕೆ, ಪ್ಯಾಕೇಜಿಂಗ್, ಅಡಿಕೆ ಹಾಳೆಯ ತಟ್ಟೆಗಳಂತಹ ಘಟಕಗಳಿಗೆ ಅರ್ಧ ಎಕರೆಯೂ ಬೇಡ. ಮೊದಲ ಮೂರು ವರ್ಷ ವಿದ್ಯುತ್ತಿನ ನಿಗದಿತ ಶುಲ್ಕದಲ್ಲಿ ರಿಯಾಯಿತಿ ದೊರೆಯಲಿ. ಕುಲುಮೆ ಉರಿಯಲಿ, ಆರಲಿ, ಆ ಶುಲ್ಕ ತಪ್ಪುವುದಿಲ್ಲವೆಂಬುದು ಫೌಂಡ್ರಿ ನಡೆಸುವ ಪ್ರತಿಯೊಬ್ಬರ ಅನುಭವ. ಸಹಾಯಧನವನ್ನು ಬಂಡವಾಳದ ಗಾತ್ರದ ಮೇಲಲ್ಲದೆ, ಭವಿಷ್ಯನಿಧಿ ಪಟ್ಟಿಯಲ್ಲಿರುವ ಸ್ಥಳೀಯ ಕೆಲಸಗಾರರ ಸಂಖ್ಯೆಯ ಮೇಲೆ ನೀಡುವುದು ಸೂಕ್ತ. ಆಗ ಗಾಜನೂರಿನ ಹುಡುಗನೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆಗೆ ಮರಳಬಹುದು.

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ದೆಹಲಿಯ ಅಪ್ಪಣೆಯೂ ಬೇಕಿಲ್ಲ. ಮುಂದಿನ ಆಯವ್ಯಯಕ್ಕೆ ಮೊದಲು ಕೈಗಾರಿಕಾ ಸಚಿವರು ಭದ್ರಾವತಿಯಲ್ಲಿಯೇ ಉದ್ದಿಮೆದಾರರ ಸಭೆ ಕರೆದು, ಎಂ.ಪಿ.ಎಂ. ಆವರಣದ ಎಷ್ಟು ಎಕರೆ, ಯಾವ ದಿನಾಂಕದೊಳಗೆ ಸಣ್ಣ ಘಟಕಗಳಿಗೆ ದೊರೆಯುವುದೆಂಬುದನ್ನು ಲಿಖಿತವಾಗಿ ತಿಳಿಸಲಿ. ಶೆಡ್ ಬೇಕೆನ್ನುವ ಸದಸ್ಯರು ತಮ್ಮ ಉತ್ಪನ್ನ, ಬೇಕಾದ ಜಾಗ, ನೀಡಬಲ್ಲ ಉದ್ಯೋಗಗಳ ವಿವರವನ್ನು ಈಗಲೇ ಸಂಘದ ಕಾರ್ಯಾಲಯಕ್ಕೆ ಬರೆದು ಕೊಟ್ಟರೆ, ಆ ಸಭೆಗೆ ನಾವು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.